ವರುಣ ಮುನಿದ, ಮಹಿಳೆ ಅತ್ತಳು

2019ರ ಆಗಸ್ಟ್. ನಾನಾಗ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಘಟಪ್ರಭೆ ಊರುಗಳಿಗೆ ನುಗ್ಗಿದ ವಾರ ಮುಧೋಳದ ಕಡೆಯಿಂದ ಒಂದು ಚಿತ್ರ ಬಂತು. ಕುಸಿದ ಮಣ್ಣಿನ ಗೋಡೆಯ ಮುಂದೆ ಹೆಂಗಸೊಬ್ಬಳು ಅಳುತ್ತಿದ್ದಾಳೆ. ಕೈಯಲ್ಲಿ ಬಿಗಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಒಳಗೆ ರೇಷನ್ ಕಾರ್ಡ್, ಪಾಸ್‌ಬುಕ್, ಮಡಚಿದ ಪಹಣಿ. ಎರಡು ಕಾಲಂಗೆ ಹೊಂದಿಸಬೇಕಿತ್ತು. ಮುಖ ಉಳಿಸಿಕೊಂಡು ಕೈಯನ್ನು ಕತ್ತರಿಸಿದೆ. ‘ವರುಣನ ಮುನಿಸು: ಬೀದಿಗೆ ಬಿದ್ದ ಬದುಕು’ ಎಂದು ಶೀರ್ಷಿಕೆ ಕೊಟ್ಟೆ. ವರದಿಗಾರ ಆಕೆಯ ಹೆಸರು ಬರೆದು ಕಳುಹಿಸಿದ್ದ. ಜಾಗ ಸಾಲದೆ ಅದೂ ಹೋಯಿತು. ಪಕ್ಕದಲ್ಲೇ ವೈಮಾನಿಕ ಸಮೀಕ್ಷೆಯ ಸುದ್ದಿ. ಹೆಲಿಕಾಪ್ಟರಿನಲ್ಲಿದ್ದವರ ಹೆಸರು, ಹುದ್ದೆ ಒಂದಕ್ಷರ ತಪ್ಪದೆ ಅಚ್ಚಾದವು.

ಮಳೆ ಸುರಿಸಿದವನು ವರುಣ ಎಂದ ಮೇಲೆ ಪ್ರಶ್ನೆ ಕೇಳುವುದು ಯಾರನ್ನು? ಘಟ್ಟದ ಮಳೆ ನಾಲ್ಕೇ ದಿನಕ್ಕೆ ಹೀಗೇಕೆ ಒತ್ತೊತ್ತಾಗಿ ಸುರಿಯುತ್ತಿದೆ, ಘಟಪ್ರಭೆಯ ಹಿಡಕಲ್ ಜಲಾಶಯದಿಂದ ಯಾವಾಗ ಎಷ್ಟು ನೀರು ಬಿಟ್ಟರು, 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳು ಅನೇಕ ಕಡೆ ಏಕೆ ಖಾಲಿ ಬಿದ್ದವು? ದೇವರು ಮುನಿದರೆ ಇವೆಲ್ಲ ಅನಗತ್ಯ. ಹವಾಮಾನ ಬದಲಾವಣೆ ಎಂಬ ಮಾತನ್ನು ನಾವು ಜೂನ್ 5ರ ಪರಿಸರ ದಿನದ ವಿಶೇಷ ಪುಟಕ್ಕೆಂದು ಎತ್ತಿಡುತ್ತಿದ್ದೆವು. ಅಲ್ಲಿ ಹಿಮಕರಡಿ ಇರುತ್ತಿತ್ತು, ಘಟಪ್ರಭೆ ಇರುತ್ತಿರಲಿಲ್ಲ.

ನಿಜವಾದ ಸುದ್ದಿ ಇದ್ದದ್ದು ಆ ಚೀಲದಲ್ಲಿ. ನೀರು ಹೊಸ್ತಿಲಿಗೆ ಬರುವಾಗ ಪಾತ್ರೆ, ಕಾಳು ಬಿಟ್ಟು ಕಾಗದ ಎತ್ತಿಕೊಂಡವಳು ಹಾನಿಯ ಸಮೀಕ್ಷೆಗೆ ಬರುವವರು ಏನು ಕೇಳುತ್ತಾರೆಂದು ಬಲ್ಲವಳು. ಆ ವರ್ಷದ ಸರ್ಕಾರಿ ಪರಿಹಾರದಲ್ಲಿ ಪೂರ್ತಿ ಬಿದ್ದ ಮನೆ ‘ಎ’ ವರ್ಗ, ಐದು ಲಕ್ಷ ರೂಪಾಯಿ. ಸ್ವಲ್ಪ ಹಾನಿಯಾದ ‘ಸಿ’ ವರ್ಗಕ್ಕೆ ಐವತ್ತು ಸಾವಿರ. ಗೋಡೆ ನಿಂತಿದೆಯೇ, ಬಿದ್ದಿದೆಯೇ ಎನ್ನುವುದರ ಮೇಲೆ ಸಂಸಾರದ ಮುಂದಿನ ಹತ್ತು ವರ್ಷ ನಿಂತಿತ್ತು. ಗಂಜಿ ಕೇಂದ್ರದಲ್ಲಿ (ಸರ್ಕಾರಿ ಬಾಯಲ್ಲಿ ಈಗ ‘ಕಾಳಜಿ ಕೇಂದ್ರ’) ಜನ ಈ ಲೆಕ್ಕ ಹಾಕುತ್ತಿದ್ದರೆ, ಮೈಕ್ ಹಿಡಿದವರು ಕೇಳುತ್ತಿದ್ದದ್ದು ಒಂದೇ: ‘ಹೇಳಿ ಅಮ್ಮಾ, ಏನೇನು ಕಳೆದುಕೊಂಡಿರಿ?’ ಅತ್ತರೆ ಕ್ಯಾಮೆರಾ ಹತ್ತಿರ ಬರುತ್ತದೆ. ತಹಶೀಲ್ದಾರರ ಕಚೇರಿಯ ವಿಷಯ ಎತ್ತಿದರೆ ಮೈಕ್ ಪಕ್ಕದವರ ಕಡೆ ತಿರುಗುತ್ತದೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೊರಟ ಐಟಿ ನೌಕರರನ್ನು ಯಾರೂ ಅಳುವಂತೆ ಮಾಡಲಿಲ್ಲ. ರಾಜಕಾಲುವೆ ಒತ್ತುವರಿಯ ಬಗ್ಗೆ ಅವರ ಅಭಿಪ್ರಾಯ ಕೇಳಿದರು, ಹೇಳಿದ್ದನ್ನು ಬರೆದರು. ಕೇಳಬೇಕಾದದ್ದೇ. ಅದೇ ಮಳೆಯಲ್ಲಿ ನೆನೆದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರಿನಿಂದ ಬಂದ ಕಟ್ಟಡ ಕಾರ್ಮಿಕರಿದ್ದರು. ಅವರಿಗೂ ಒಂದು ಅಭಿಪ್ರಾಯ ಇದ್ದೀತೆಂದು ಎಷ್ಟು ಮಂದಿಗೆ ಹೊಳೆದಿತ್ತು?

ನಾನು ಕತ್ತರಿಸಿದ ಆ ಚಿತ್ರವನ್ನು ಕಳೆದ ಮಳೆಗಾಲದಲ್ಲಿ ಮತ್ತೆ ನೋಡಿದೆ. ಬೇರೆ ನದಿ, ಬೇರೆ ಜಿಲ್ಲೆಯ ನೆರೆ ಸುದ್ದಿಯ ಜೊತೆಗಿತ್ತು. ಕೆಳಗೆ ‘ಸಾಂದರ್ಭಿಕ ಚಿತ್ರ’ ಎಂದು ಬರೆದಿತ್ತು.