ಬೊಡ್ಚಿ

ಇವತ್ತು ಬೆಳಿಗ್ಗೆ ತೆಳ್ಳವು, ಅಂದರೆ ತೆಳು ದೋಸೆ, ಎರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಾವಲಿಗೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ ಮಗಳ ಬಟ್ಟಲಿಗೆ ಹಾಕಿದೆ. ನಮ್ಮಲ್ಲಿ ಎಲ್ಲರೂ ಹಾಗೇ ಹಾಕುವುದು.

"ಮಡಚಿದ್ದು ಬೇಡ" ಎಂದಳು.

ಬಿಡಿಸಿಟ್ಟೆ. ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಗೆರೆ ಉಂಟು."

ಉಂಟು. ಮಡಚಿದ್ದಕ್ಕೆ ಗೆರೆ ಬೀಳದೆ ಇರುತ್ತದಾ? ಅದನ್ನು ತೆಗೆಯಬೇಕಂತೆ. ಸೌಟಿನ ಬೆನ್ನಿನಲ್ಲಿ ಒತ್ತಿ ನೋಡಿದೆ. ಗೆರೆ ಹೋಗಲಿಲ್ಲ, ತೆಳ್ಳವು ಹರಿಯಿತು. ಆಗ ಬಂತು ಕೊನೆಯ ಮಾತು: "ಬೊಡ್ಚಿ!"

ಇವಳಿಗೆ ಮೂರೂವರೆ ವರ್ಷ. ಹಸಿರು ಯಾವುದು, ನೀಲಿ ಯಾವುದು ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ. ಆದರೆ ನಾಲ್ಕು ಭಾಷೆಯಲ್ಲಿ ಬೇಡ ಅನ್ನಲು ಬರುತ್ತದೆ. ಮನೆಯದು "ಬೇಡ". ಅಂಗನವಾಡಿಯಿಂದ ತಂದದ್ದು ಮಲಯಾಳದ "ವೇಂಡ". ಅಡಕೆ ಸುಲಿಯಲು ಬರುವ ಅಕ್ಕನಿಂದ ತುಳುವಿನ "ಬೊಡ್ಚಿ". ಬೇಲಿಯಾಚೆಯ ಕೊಂಕಣಿಯವರ ಮನೆಯಿಂದ "ನಾಕ್ಕಾ". ನಮ್ಮ ಕಾಸರಗೋಡು ಸಪ್ತಭಾಷಾ ಸಂಗಮ ಅಂತ ಪ್ರತಿ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. ಏಳರಲ್ಲಿ ನಾಲ್ಕಾಯಿತು. ಉಳಿದ ಮೂರನ್ನು ನೆನೆದರೆ ಹೆದರಿಕೆ.

ನಾಲ್ಕಕ್ಕೂ ಅರ್ಥ ಒಂದೇ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. "ಬೇಡ" ಅಂದರೆ ಇನ್ನೂ ಎರಡು ಸಲ ಒತ್ತಾಯ ಮಾಡು ಅಂತ. "ನಾಕ್ಕಾ" ಬರುವುದು ಗೊಂಬೆಗೆ ಊಟ ಮಾಡಿಸುವಾಗ ಮಾತ್ರ, ಅದೂ ಗೊಂಬೆಯ ಪರವಾಗಿ. "ಬೊಡ್ಚಿ" ಬಂತೋ, ಮುಗಿಯಿತು. ತುಟಿ ಒಡೆದು ಹೊರಡುವ ಆ ಬೊ, ಕೈಕೊಡವಿದ ಹಾಗಿನ ಆ ಚಿ! ಅದರ ಮೇಲೆ ಅಪೀಲು ಇಲ್ಲ. "ವೇಂಡ"ದ ಸಂಗತಿ ಸ್ವಲ್ಪ ಉದ್ದ. ಅದಕ್ಕೆ ಬಸ್ಸು ಹತ್ತಬೇಕು.

ಮಳೆಗಾಲಕ್ಕೆ ಮೊದಲು ಅವಳಿಗೆ ಚಪ್ಪಲಿ ತೆಗೆಯಲು ಬದಿಯಡ್ಕದಿಂದ ಕಾಸರಗೋಡಿಗೆ ಹೊರಟಿದ್ದೆವು. ಕಿಟಕಿಯ ಸೀಟು ಸಿಗಲಿಲ್ಲ. ಅಲ್ಲಿ ಒಬ್ಬರು ಮಲಯಾಳಿ ಹೆಂಗಸು ಕೂತಿದ್ದರು. ಮಡಿಲಲ್ಲಿ ಬೇಕರಿಯ ಕಟ್ಟು. ನೆಲ್ಲಿಕಟ್ಟೆ ಕಳೆದ ಮೇಲೆ ಕಟ್ಟು ಬಿಚ್ಚಿಕೊಂಡಿತು. ಬಾಳೆಕಾಯಿ ಚಿಪ್ಸು, ತೆಂಗಿನೆಣ್ಣೆಯಲ್ಲಿ ಕರಿದದ್ದು. ಪರಿಮಳ ಡ್ರೈವರನ ತನಕ ಹೋಗಿರಬೇಕು.

"ಮೋಳೇ, ವೇಣೋ?" ಎಂದು ಕೇಳಿದರು.

"ವೇಂಡ."

ಎಂಥ ವೇಂಡ ಅದು! ತಲೆ ಒಂದು ಬದಿಗೆ ವಾಲಿಸಿ, ಕಣ್ಣು ತಗ್ಗಿಸಿ, ಹಾಡಿದ ಹಾಗೆ. ಮನೆಯಲ್ಲಿ ಬಟ್ಟಲು ದೂಡುವವಳು ಇವಳೇನಾ? "ನಲ್ಲ ಕುಟ್ಟಿ" ಎಂದರು ಅವರು. ನಾನು ನಾಲ್ಕು ಜನ ನೋಡಲಿ ಅಂತ ಸ್ವಲ್ಪ ನೆಟ್ಟಗೆ ಕೂತೆ.

ಎಡನೀರು ಬಂತು. ಮಗಳು ನನ್ನ ಕಿವಿಗೆ ಬಾಯಿಟ್ಟು, ಇಡೀ ಬಸ್ಸಿಗೆ ಕೇಳುವ ಹಾಗೆ ಪಿಸುಗುಟ್ಟಿದಳು: "ಅಪ್ಪಾ, ಎನಗೆ ಬೇಕು."

"ಬೇಡ ಹೇಳಿದೆ ಅಲ್ದಾ?"

"ಅದು ಅವಕ್ಕೆ ಹೇಳಿದ್ದು."

ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ನಗು ತಡೆದುಕೊಂಡು ಕಟ್ಟನ್ನು ಮತ್ತೆ ಮುಂದೆ ಹಿಡಿದರು. ಇವಳು ಮತ್ತೆ "ವೇಂಡ" ಎಂದಳು, ಅದೇ ರಾಗದಲ್ಲಿ. ಜೊತೆಗೆ ಮೊಣಕೈಯಿಂದ ನನಗೆ ಒಂದು ತಿವಿತ. ಕೊನೆಗೆ ಮೀಸೆ ಹೊತ್ತ ನಾನೇ ಕೈಯೊಡ್ಡಿ ಒಂದು ಹಿಡಿ ಚಿಪ್ಸು ತೆಗೆದುಕೊಂಡೆ. ಚೆರ್ಕಳ ಬರುವ ತನಕ ನನ್ನ ಅಂಗೈಯಿಂದ ಒಂದೊಂದೇ ಹೆಕ್ಕಿ ತಿಂದಳು. ಮರ್ಯಾದೆ ಅವಳಿಗೆ, ಆಸೆಬುರುಕತನ ನನಗೆ.

ಎಡನೀರು ಅಂದದ್ದಕ್ಕೆ ನೆನಪಾಯಿತು. ಸರಕಾರಕ್ಕೇ ಬೇಡ ಎಂದವರ ಊರು ಅದು. ಅಲ್ಲಿಯ ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನು ಬೇಡ ಅಂತ ಸುಪ್ರೀಂ ಕೋರ್ಟಿನ ತನಕ ಹೋದರು. 13 ಜನ ನ್ಯಾಯಾಧೀಶರು ಕೂತು ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು, ಏಳಕ್ಕೆ ಆರು. ಸಂವಿಧಾನದ ಮೂಲ ಸ್ವರೂಪಕ್ಕೆ ಪಾರ್ಲಿಮೆಂಟೂ ಕೈಹಾಕುವ ಹಾಗಿಲ್ಲ ಎಂದಾಯಿತು. ಮಠದ ಜಾಗ ಮಾತ್ರ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಇರುವುದು ಒಬ್ಬಳೇ ನ್ಯಾಯಾಧೀಶೆ. ತೀರ್ಪು ಬೇಗ ಬರುತ್ತದೆ, ಜಾಗವೂ ಅವಳಿಗೇ ಸಿಗುತ್ತದೆ, ಮಂಚದಲ್ಲಿ ಮುಕ್ಕಾಲು ಪಾಲು.

ಇದಕ್ಕೆಲ್ಲ ಅಜ್ಜನ ಬೆಂಬಲ. "ಕೂಸಿಂಗೆ ಬೇಡ ಹೇಳಿರೆ ಬೇಡ" ಎಂದು ಈಸಿಚೇರಿನಿಂದಲೇ ಹೇಳಿಬಿಡುತ್ತಾರೆ. ಅವರ ಲೆಕ್ಕ ಬೇರೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರುವಾಗ ಅವರಿಗೆ ಹನ್ನೊಂದು ವರ್ಷ. ಮನೆಯ ದೊಡ್ಡವರೆಲ್ಲ ಬೇಡ ಎಂದರಂತೆ. ಕೇಳಿದವರಿಲ್ಲ. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯಿಂದ ಉತ್ತರದ್ದು ಕರ್ನಾಟಕಕ್ಕೆ ಹೋಗಲಿ ಎಂದಿತು. ಎಂದಿತು, ಅಷ್ಟೇ. ಮನೆಯಲ್ಲಿ ಒಬ್ಬರದ್ದಾದರೂ ಬೇಡ ನಡೆಯಲಿ ಅಂತ ಅವರಿಗೆ ಇರಬಹುದು. ಆದರೆ ಈ ಕಥೆಯನ್ನು ಅವರು ಶುರುಮಾಡಿದರೆ ಮೊಮ್ಮಗಳು ಮಹಾಜನರ ತನಕ ಹೋಗಲು ಬಿಡುವುದಿಲ್ಲ. "ಅಜ್ಜಾ, ಬೊಡ್ಚಿ." ಮೂವತ್ತು ವರ್ಷದಿಂದ ನನ್ನ ಬಾಯಿಗೆ ಬಂದು ವಾಪಸ್ ಹೋದ ಮಾತು.

ಬೆಂಗಳೂರಿನ ಭಾವನಿಗೆ ಮಾತ್ರ ಇದು ಸರಿಕಾಣುವುದಿಲ್ಲ. "ಇಷ್ಟೊಂದು ಭಾಷೆ ಆದ್ರೆ ಮಗು ಕನ್‌ಫ್ಯೂಸ್ ಆಗತ್ತೆ" ಎಂದು ಫೋನಿನಲ್ಲಿ ಪಾಠ. ಅವರ ಮಗ ಹಪ್ಪಳ ಬೇಡ ಅನ್ನಲು "ನೋ ಥ್ಯಾಂಕ್ಸ್" ಎನ್ನುತ್ತಾನೆ. ಹಲಸಿನಕಾಯಿ ಹಪ್ಪಳಕ್ಕೆ! ಅವರ ಮನೆಯ ಫಂಕ್ಷನ್ನಿಗೆ ಹೋದಾಗಲೆಲ್ಲ ಯಾರೋ ಒಬ್ಬರು ನನ್ನ ಬೆನ್ನು ತಟ್ಟುತ್ತಾರೆ: "ಕೇರಳದವ್ರಾ? ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!" ಥ್ಯಾಂಕ್ಸ್ ಸಾರ್ ಅಂತ ಹಲ್ಲು ಕಿರಿದು ಬಂದಿದ್ದೇನೆ, ಪ್ರತಿ ಸಲ. ಮುಂದಿನ ಸಲ ಮಗಳನ್ನು ಮುಂದೆ ಬಿಡುವುದು.

ಮಕ್ಕಳ ಸ್ವಭಾವ ಹೇಗೆ ಮೂಡುತ್ತದೆ ಅಂತ ಏನೋ ಒಂದು ಘನವಾದ್ದು ಹೊಳೆದಿತ್ತು, ಅದನ್ನು ಬರೆಯಲು ಕೂತದ್ದು. ಅಷ್ಟರಲ್ಲಿ "ಅಪ್ಪಾ, ಹಶು" ಅಂತ ಕರೆ ಬಂತು. ಎದ್ದು ಹೋಗಿ ಇನ್ನೊಂದು ತೆಳ್ಳವು ಎರೆದೆ. ಈ ಸಲ ಮಡಚಲಿಲ್ಲ. ಎರಡು ಕೈಯಲ್ಲಿ ಹಿಡಿದು, ಬಾಳೆಲೆ ಹಾಸಿದ ಹಾಗೆ ಬಟ್ಟಲಿನಲ್ಲಿ ಬಿಡಿಸಿಟ್ಟೆ. ಒಂದು ಗೆರೆ ಇಲ್ಲ.

ಮಗಳು ತಲೆಯಾಡಿಸಿದಳು. ಅಂಚು ಹಿಡಿದು ತಾನೇ ಒಂದು ಮಡಿಕೆ ಮಾಡಿದಳು, ಮೇಲೆ ಇನ್ನೊಂದು. ಅಂಗೈಯಲ್ಲಿ ಚೆಂದ ಮಾಡಿ ಒತ್ತಿದಳು. ಮತ್ತೆ ಬಿಡಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.