ಚಿಕ್ಕ ಗ್ಯಾಲಕ್ಸಿಗಳೆಲ್ಲ ಈಗಷ್ಟೇ ಹುಟ್ಟಿದವಲ್ಲ: ಒಂದು ಸ್ಪಷ್ಟನೆ

ಕಲಬುರಗಿಯ ಶಾಲಾ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ‘ಚಿಕ್ಕ ಗ್ಯಾಲಕ್ಸಿಗಳಲ್ಲಿ ಆಮ್ಲಜನಕ, ಕಬ್ಬಿಣ ಕಡಿಮೆ. ಹಾಗಾಗಿ ಅವೆಲ್ಲ ಈಗಷ್ಟೇ ಹುಟ್ಟಿದವು. ಬೀದರ ಕೋಟೆ ಮೇಲಿಂದ ಮೆಗೆಲನ್ ಮೋಡಗಳನ್ನು ನೋಡಿ’ ಎಂದು ಅದರಲ್ಲಿದೆ. (ಮೆಗೆಲನ್ ಮೋಡಗಳೆಂದರೆ ನಮ್ಮ ಗ್ಯಾಲಕ್ಸಿಯ ಪಕ್ಕದ ಎರಡು ಚಿಕ್ಕ ಗ್ಯಾಲಕ್ಸಿಗಳು.) ಮೊದಲ ಮಾತು ಸರಿ. ಉಳಿದದ್ದು ತಪ್ಪು.

ವಿಶ್ವದ ಆರಂಭದ ಮಹಾಸ್ಫೋಟದಿಂದ ಬಂದದ್ದು ಹೆಚ್ಚುಕಡಿಮೆ ಜಲಜನಕ, ಹೀಲಿಯಂ ಅಷ್ಟೇ. ಆಮ್ಲಜನಕ, ಕಬ್ಬಿಣದಂಥ ಧಾತುಗಳು ತಯಾರಾಗುವುದು ನಕ್ಷತ್ರಗಳಿಂದ. ನಕ್ಷತ್ರ ಸತ್ತಾಗ ಅವು ಸುತ್ತಲಿನ ಅನಿಲಕ್ಕೆ ಸೇರುತ್ತವೆ. ದೊಡ್ಡ ಗ್ಯಾಲಕ್ಸಿಯ ಗುರುತ್ವ ಜಾಸ್ತಿ, ಅದು ಇವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿಕ್ಕದರಲ್ಲಿ ಸೂಪರ್‌ನೋವಾ (ನಕ್ಷತ್ರ ಸಾಯುವಾಗಿನ ಭಾರಿ ಸ್ಫೋಟ) ಸಿಡಿದರೆ ಎಷ್ಟೋ ಪಾಲು ಹೊರಗೆ ಹಾರಿಹೋಗುತ್ತದೆ. ಮೇಲಾಗಿ ಅಂಥ ಎಷ್ಟೋ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಹುಟ್ಟುವುದೇ ನಿಧಾನ. ವಯಸ್ಸಾದರೂ ಧಾತು ಕಡಿಮೆ ಇರುವುದು ಇದಕ್ಕೇ.

‘ಐ ಝ್ವಿಕಿ 18’ ಎಂಬ ಗ್ಯಾಲಕ್ಸಿಯನ್ನೇ ನೋಡಿ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆದಾಗ, ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ಸುಮಾರು ಶೇ. 3 ಮಾತ್ರ. ಇದು ತೀರಾ ಎಳೆಯದು ಎಂದು ಹಲವು ವಿಜ್ಞಾನಿಗಳೂ ನಂಬಿದ್ದರು. ಆದರೆ 2007ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ 100 ಕೋಟಿ ವರ್ಷಕ್ಕಿಂತ ಹಳೆಯ ನಕ್ಷತ್ರಗಳು ಸಿಕ್ಕವು. ನಮ್ಮ ಹತ್ತಿರದ ಸ್ಕಲ್ಪ್ಟರ್ ಕುಬ್ಜ ಗ್ಯಾಲಕ್ಸಿಯಲ್ಲಂತೂ ಹೆಚ್ಚಿನ ನಕ್ಷತ್ರಗಳು 1000 ಕೋಟಿ ವರ್ಷದಷ್ಟು ಹಳೆಯವು. ಅಲ್ಲೂ ಕಬ್ಬಿಣ ಕಡಿಮೆಯೇ.

ಮೆಗೆಲನ್ ಮೋಡಗಳ ಮಾತು: ದೊಡ್ಡದು ನಮ್ಮ ಕಡೆ ದಕ್ಷಿಣ ದಿಗಂತದಿಂದ ಸುಮಾರು 3 ಡಿಗ್ರಿಯಷ್ಟೇ ಏಳುತ್ತದೆ. ಚಿಕ್ಕದು ಏಳುವುದೇ ಇಲ್ಲ ಎನ್ನಬಹುದು. ಮಕ್ಕಳನ್ನು ಸುಮ್ನೆ ರಾತ್ರಿಯೆಲ್ಲ ಕಾಯಿಸಬೇಡಿ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.