ಎಂಟು ಜನಕ್ಕೆ ಒಂದು ದೋಸೆ, ಒಬ್ಬ ಮಹಾರಾಜ

ಹಸಿವಾದರೆ ಹೋಟೆಲಿಗೆ ಹೋಗುವುದು ಮೈಸೂರಿನಲ್ಲಿ ಈಗ ಹಳೇ ಪದ್ಧತಿ. ಮೊದಲು ಮೊಬೈಲಿನಲ್ಲಿ ಬುಕ್ ಮಾಡಬೇಕು. ಬೆಳಗ್ಗೆ ಏಳಕ್ಕೆ ಹೇಳಿದ ಸರ್ಕಲ್ಲಿನಲ್ಲಿ ನಿಲ್ಲಬೇಕು. ಆಮೇಲೆ ಟೋಪಿ ಹಾಕಿಕೊಂಡ ಒಬ್ಬರು ಬಂದು ನಿಮ್ಮನ್ನು ಇಡ್ಲಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಫುಡ್ ವಾಕ್ ಅಂತಾರೆ. ದೋಸೆಗೆ ಎರಡಂಕಿ ರೇಟು, ಅಲ್ಲಿಯವರೆಗೆ ನಡೆಯುವುದಕ್ಕೆ ನಾಲ್ಕಂಕಿ. ಅದೂ ನಡೆಯುವವರು ನೀವೇ.

ಬೈ ಟೂ ಕಾಫಿಯ ನಾಡು ನಮ್ಮದು, ಹಂಚಿ ತಿನ್ನುವುದು ಹೊಸದೇನಲ್ಲ. ಆದರೆ ನಜರ್‌ಬಾದಿನಲ್ಲಿ ಒಂದು ಬೆಣ್ಣೆ ದೋಸೆಯ ಸುತ್ತ ಎಂಟು ಜನ ನಿಂತಿದ್ದು ನೋಡಿದರೆ ಸ್ವಲ್ಪ ಸಂಕಟವಾಗುತ್ತದೆ. ಮೆತ್ತಗಿನ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿಚಟ್ನಿ. ತಟ್ಟೆ ಮೇಜಿಗೆ ಬಂದ ಕೂಡಲೇ ಕೈ ಹಾಕಬೇಕಾದ ತಿಂಡಿ ಅದು. ಇಲ್ಲಿ ಮೊದಲು ಫೋಟೊ, ಆಮೇಲೆ ಇತಿಹಾಸ, ಕೊನೆಗೆ ಬಾಯಿ. ಸಪ್ಲೈಯರ್ ಕೂಗುತ್ತಾನೆ, "ತಿನ್ನೋದಾದ್ರೆ ತಿನ್ನಿ ಸಾರ್, ಹಿಂದ್ಗಡೆ ಜನ ಕಾಯ್ತವ್ರೆ!" ವಾಕಿನವರಿಗೆ ಅದೂ ಕಾರ್ಯಕ್ರಮದ ಒಂದು ಭಾಗ. ಮೂಲೆಯಲ್ಲಿ ಪೇಪರ್ ಓದುತ್ತಾ ಕೂತಿದ್ದ ನಿವೃತ್ತ ಮೇಷ್ಟ್ರು ಜಾಗ ಬಿಟ್ಟುಕೊಡೋಣ ಅಂತ ಎದ್ದರೆ, "ಅಂಕಲ್, ಹಾಗೇ ಕೂತಿರಿ, ನೀವು ತುಂಬಾ ಅಥೆಂಟಿಕ್" ಅಂತಾರೆ. ಮೇಷ್ಟ್ರಿಗೆ ಚಟ್ನಿ ಎರಡನೇ ಸಲ ಸಿಗುವುದಿಲ್ಲ. ಫೋಟೊದಲ್ಲಿ ಜಾಗ ಸಿಗುತ್ತದೆ.

ಇನ್ನು ಮಹಾರಾಜರ ವಿಷಯ. ಮೈಸೂರು ಪಾಕಿಗೆ ಒಂದು ಕಥೆ ಇದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಡಿಸಿದರು ಅನ್ನುವುದು. ಅವರ ಮನೆತನದ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲಿ ಇವತ್ತಿಗೂ ಇದೆ. ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಟಿಕೆಟ್ ತಗೊಂಡವರಿಗೆ ಒಬ್ಬ ರಾಜ, ಒಂದು ಪಾಕ ಸಾಕಾಗುತ್ತಾ? ಹಾಗಾಗಿ ಬೋಂಡಕ್ಕೂ ಒಬ್ಬ ಮಹಾರಾಜ, ವೀಳ್ಯದೆಲೆಗೆ ಒಬ್ಬ ಮಹಾರಾಣಿ, ಚುರುಮುರಿಗೆ ಕೊನೇ ಪಕ್ಷ ಒಬ್ಬ ದಿವಾನರು. ಈ ಲೆಕ್ಕದಲ್ಲಿ ದಿನವಿಡೀ ತಿಂಡಿಯ ರುಚಿ ನೋಡುತ್ತಿದ್ದ ನಾಲ್ವಡಿಯವರು ಕನ್ನಂಬಾಡಿ ಕಟ್ಟಿಸಲು ಪುರುಸೊತ್ತು ಎಲ್ಲಿಂದ ತಂದರೋ!

ರಾಜರ ಜೊತೆಗೆ "ಸಾವಿರ ವರ್ಷದ ಪರಂಪರೆ" ಅನ್ನುವ ಒಗ್ಗರಣೆ ಬೇರೆ. ಅದನ್ನು ಹೇಳುವುದು ಸಾಮಾನ್ಯವಾಗಿ ಆಲೂಗಡ್ಡೆ ಪಲ್ಯ ತೋರಿಸುತ್ತಾ. ಆಲೂಗಡ್ಡೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದವು. ವಾಸ್ಕೋ ಡ ಗಾಮ 1498ರಲ್ಲಿ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಇತ್ತ ಬಂದವು. ನಿಜವಾಗಿ ಹಳೆಯ ರಾಜಭೋಜನವೇ ಬೇಕು ಅಂದರೆ ಅದಕ್ಕೆ ಬರಹದ ಆಧಾರವೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಉದ್ದಿನ ಹಿಟ್ಟಿನ ಇಡ್ಡರಿಕ, ಅಂದರೆ ನಮ್ಮ ಇಡ್ಲಿಯ ಪೂರ್ವಜ, ಇದೆ. ಇಲಿಯನ್ನು ಬಿಸಿ ಎಣ್ಣೆಯಲ್ಲಿ ಹುರಿಯುವ ಕ್ರಮವೂ ಇದೆ. ಇಷ್ಟು ಗಟ್ಟಿ ದಾಖಲೆ ಇರುವ ತಿಂಡಿಯನ್ನು ಯಾವ ವಾಕಿನಲ್ಲೂ ಬಡಿಸಿದ್ದು ನಾನಂತೂ ಕಾಣೆ.

ಮುಂಬೈಯಿಂದ ಬಂದವರು ಕೆಂಪು ಚಟ್ನಿ ಸವರಿದ "ಮೈಸೂರು ಮಸಾಲೆ" ಎಲ್ಲಿ ಅಂತ ಮೈಸೂರಿನಲ್ಲೇ ಹುಡುಕುತ್ತಾರೆ. ಮೆತ್ತಗಿನ ದೋಸೆ ತಿಂದು, ಇದು ಒರಿಜಿನಲ್ ಅಲ್ಲ ಅಂತ ಮುಖ ಸಪ್ಪಗೆ ಮಾಡುತ್ತಾರೆ. ಪಾಪ, ಅವರನ್ನೂ ಏನು ಅನ್ನುವುದು. 2025ರಲ್ಲಿ ಜೈಪುರದ ಕೆಲವು ಅಂಗಡಿಗಳು ಹೆಸರಿನಲ್ಲಿ "ಪಾಕ್" ಇದೆ ಅಂತ ದೇಶಪ್ರೇಮಕ್ಕಾಗಿ ಮೈಸೂರು ಪಾಕನ್ನು "ಮೈಸೂರು ಶ್ರೀ" ಮಾಡಿಬಿಟ್ಟವು. ಮುಂದಿನ ಸಲ ಅಲ್ಲಿನವರು ಬಂದಾಗ ಮಾದಪ್ಪನವರ ಕಥೆಯನ್ನೂ ತಿದ್ದಬೇಕಾಗುತ್ತದೋ ಏನೋ.

ವಾಕಿನ ಕೊನೆ ದೇವರಾಜ ಮಾರ್ಕೆಟ್ಟು. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ವೀಳ್ಯದೆಲೆ, ಮೂರಕ್ಕೂ ಜಿಐ ಮಾನ್ಯತೆ, ಅಂದರೆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಗುರುತು, ಉಂಟು. ಎಲೆಗೆ ಕಾನೂನಿನ ರಕ್ಷಣೆ ಸಿಕ್ಕಿದೆ, ಎಲೆ ಮಾರುವ ಕಟ್ಟಡಕ್ಕೆ ಊರುಗೋಲೂ ಸರಿಯಾಗಿ ಸಿಗಲಿಲ್ಲ. ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲೇ ಬಿದ್ದು ಜೀವ ತೆಗೆದಿತ್ತು. 2016ರ ಆಗಸ್ಟಿನಲ್ಲಿ ಮಾರ್ಕೆಟ್ಟಿನ ಒಂದು ಭಾಗವೂ ಕುಸಿಯಿತು, ಅದೂ ದುರಸ್ತಿ ನಡೆಯುತ್ತಿದ್ದಾಗ! ಆಮೇಲೆ ಕೆಡವೋಣವೋ ಉಳಿಸೋಣವೋ ಅಂತ ವರ್ಷಗಟ್ಟಲೆ ಸಮಿತಿ, ವರದಿ, ಕೋರ್ಟು. ಬೋಂಡಕ್ಕೆ ಇಲ್ಲದ ರಾಜನನ್ನು ಹುಟ್ಟಿಸಿ ಬೆಲೆ ಏರಿಸುವ ಊರು ಇದು. ಮಾರ್ಕೆಟ್ಟಿನ ಹೆಸರಿನಲ್ಲೇ ರಾಜನಿದ್ದಾನೆ, ಏನೂ ಉಪಯೋಗವಾಗಲಿಲ್ಲ.

ಗೈಡಿಗೆ ಇದರಿಂದ ಚಿಂತೆಯಾಗಬೇಕು ಅಲ್ವಾ? ಒಬ್ಬ ಹೂವಿನವಳು ಕೇಳಿಯೇಬಿಟ್ಟಳು, "ಇದ್ನ ಒಡೆದಾಕಿದ್ರೆ ನೀವ್ ಏನ್ ತೋರಿಸ್ತೀರಣ್ಣ?"

"ಇಲ್ಲೊಂದು ಮಾರ್ಕೆಟ್ ಇತ್ತು ಅಂತ ತೋರಿಸ್ತೀನಮ್ಮ. ಅದಕ್ಕೆ ಟಿಕೆಟ್ ಇನ್ನೂ ಜಾಸ್ತಿ."